ಹಳೆಯ ಪಿಕಪ್ಪಿಗೆ ಎಂಥ ಟೈರು?

ಹಳೆಯ ಪಿಕಪ್ಪಿಗೆ ಟೈರು ಕೊಳ್ಳಲು ಬೆಟ್ಟದ ಹಳ್ಳಿಗರು ಮೈಸೂರಿಗೆ ಇಳಿಯುತ್ತಾರೆ. ವಿಕ್ರಾಂತ್ ಟೈರ್ಸ್ ಬೆಳೆದ, 1997ರಲ್ಲಿ ಅದು ಜೆ.ಕೆ. ಟೈರ್ ಕೈಸೇರಿದ ಬಳಿಕವೂ ಟೈರು ತಯಾರಾಗುತ್ತಿರುವ ನಗರವಿದು, ಆಯ್ಕೆಗೆ ಕೊರತೆಯಿಲ್ಲ. ಆದರೆ ಅನೇಕರ ಕಣ್ಣು ಬೀಳುವುದು ಗಾಡಿಯ ಮೈಯಿಂದಾಚೆ ಚಾಚುವ, ಆಳವಾದ ಹಲ್ಲುಗಳ ದೊಡ್ಡ ಟೈರುಗಳ ಮೇಲೆ.

ಈ ಮೋಹಕ್ಕೆ ಬೆಲೆ ತೆರುವುದು ಮಣ್ಣು. ಮಳೆಗಾಲದಲ್ಲಿ ಆ ಹಲ್ಲುಗಳು ಇಳಿಜಾರಿನ ಹಾದಿಯನ್ನು ಉಳುತ್ತವೆ. ಗಾಲಿಯ ಜಾಡೇ ಕಾಲುವೆಯಾಗಿ ಮೇಲ್ಮಣ್ಣು ಹಳ್ಳ ಸೇರುತ್ತದೆ. ಡಾಂಬರು ರಸ್ತೆಯಲ್ಲಾದರೆ, ವ್ಯಾಸ ಹಿರಿದಾದಾಗ ವೇಗಮಾಪಕವು ನಿಜವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಬ್ರೇಕಿನ ಹೊರೆಯೂ ಹೆಚ್ಚುತ್ತದೆ.

ಆದ್ದರಿಂದ ತಯಾರಕರು ಸೂಚಿಸಿದ ಅಳತೆ ಹಾಗೂ ಭಾರ ಹೊರುವ ಸಾಮರ್ಥ್ಯವನ್ನೇ ಆರಿಸುವುದು ಲೇಸು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಕೂಡದು. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನೂ ಓದಬೇಕು: 2324 ಎಂದರೆ 2024ರ 23ನೆಯ ವಾರದ ತಯಾರಿಕೆ. ಅಪರೂಪಕ್ಕೆ ಓಡುವ ಗಾಡಿಯಲ್ಲಿ ಗೀರು ಸವೆಯುವ ಮೊದಲೇ ರಬ್ಬರು ಬಿರಿಯಬಹುದು.

ಹಳೆಯ ಟೈರನ್ನು ತೋಟದಲ್ಲಿ ಬಿಟ್ಟರೆ ನೀರು ನಿಂತು ಸೊಳ್ಳೆ. ಸುಟ್ಟರೆ ವಿಷದ ಹೊಗೆ. 2022ರ ನಿಯಮಗಳು ಅದರ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೂ ಹೊರಿಸಿವೆ. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ಅಂಗಡಿಯವರಿಗೆ ಒಪ್ಪಿಸಿ ಬರುವುದು ಬೆಟ್ಟದ ನಿವಾಸಿಗಳ ಕರ್ತವ್ಯ.