ಅಂತಿಮ ಪಾಠದ ಅಂಕ ಏನನ್ನು ಅಳೆಯುತ್ತದೆ?

ನನ್ನ ಅಂತಿಮ ಪಾಠ ಬೆಳಕಿನ ವಕ್ರೀಭವನ. ಬಟ್ಟಲಿನ ತಳದಲ್ಲಿ ನಾಣ್ಯವಿಟ್ಟು ನೀರು ಸುರಿದು ತೋರಿಸಿದೆ. ನಾಣ್ಯ ಮೇಲೆದ್ದು ಬಂದಂತೆ ಕಂಡಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮಿಸ್, ನಮಗೆ ನಾಣ್ಯ ಮೇಲೆ ಬಂದಂಗೆ ಕಾಣ್ತದೆ. ನೀರೊಳಗಿರೋ ಮೀನಿಗೆ ನಾವು ಹೆಂಗೆ ಕಾಣ್ತೀವಿ?"

ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಕುಳಿತಿದ್ದರು. ಕ್ಷಣವೂ ತಡೆಯದೆ, "ಒಳ್ಳೆಯ ಪ್ರಶ್ನೆ. ಅದಕ್ಕೂ ಹಾಗೆಯೇ, ನಾವು ಇನ್ನೂ ಹತ್ತಿರ ಇದ್ದಂತೆ ಕಾಣುತ್ತೇವೆ" ಎಂದು ಮುಂದೆ ಸಾಗಿದೆ. ಪಾಠ ಮುಗಿಯಿತು, ಅಂಕವೂ ಚೆನ್ನಾಗಿಯೇ ಬಂತು. ಮಕ್ಕಳ ಪ್ರಶ್ನೆಗಳ ನಿರ್ವಹಣೆಗೆ 'ಅತ್ಯುತ್ತಮ' ಎಂದಿತ್ತು.

ಉತ್ತರ ತಪ್ಪು. ಗಾಳಿಯಿಂದ ನೀರಿಗೆ ಬರುವ ಕಿರಣ ಲಂಬದ ಕಡೆಗೆ ಬಾಗುತ್ತದೆ. ಹಾಗಾಗಿ ಮೀನಿಗೆ ನಾವು ಇರುವುದಕ್ಕಿಂತ ಎತ್ತರದಲ್ಲಿ, ದೂರದಲ್ಲಿ ಕಾಣುತ್ತೇವೆ. ಆ ಸಂಜೆ ಕಿರಣಚಿತ್ರ ಬರೆದು ನೋಡಿದಾಗ ನನಗೆ ಇದು ಹೊಳೆಯಿತು. ಆ ಶಾಲೆಯಲ್ಲಿ ಅದೇ ನನ್ನ ಕೊನೆಯ ದಿನವಾಗಿತ್ತು. ತಿದ್ದಲು ತರಗತಿ ಇರಲಿಲ್ಲ.

ಇದನ್ನು ಪರೀಕ್ಷಕರ ಮೇಲಿನ ದೂರಾಗಿ ಬರೆಯುತ್ತಿಲ್ಲ. ತಪ್ಪು ನನ್ನದು. ಆದರೆ ಆ ತಪ್ಪನ್ನು ಮಾಡಲು ನಮ್ಮ ಮೌಲ್ಯಮಾಪನ ಪದ್ಧತಿಯೇ ನನ್ನನ್ನು ತಯಾರು ಮಾಡಿತ್ತೇ ಎಂಬ ಪ್ರಶ್ನೆ ಉಳಿಯಿತು.

ಕೌಶಲಗಳ ಮೌಲ್ಯಮಾಪನದ ಬಗ್ಗೆ ಸೆಮಿನಾರಿಗೆ ಓದುವಾಗ ಅಮೆರಿಕದ ರೇಡಿಯಾಲಜಿಸ್ಟ್ ಅಸಿಸ್ಟೆಂಟ್ ಎಂಬ ಹುದ್ದೆಯ ವಿಷಯ ಕಣ್ಣಿಗೆ ಬಿತ್ತು. ಎಕ್ಸ್-ರೇ ತಂತ್ರಜ್ಞರಾಗಿ ಅರ್ಹತೆ, ಅನುಭವ ಪಡೆದವರು ಮುಂದಿನ ಹಂತದ ತರಬೇತಿ ಪಡೆದು, ವಿಕಿರಣ ತಜ್ಞ ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲವು ಪರೀಕ್ಷೆಗಳನ್ನು ತಾವೇ ನಡೆಸುತ್ತಾರೆ. ಅಮೆರಿಕನ್ ರಿಜಿಸ್ಟ್ರಿ ಆಫ್ ರೇಡಿಯೊಲಾಜಿಕ್ ಟೆಕ್ನಾಲಜಿಸ್ಟ್ಸ್ ಸಂಸ್ಥೆ 2005ರಿಂದ ಇವರಿಗೆ ಪ್ರಮಾಣಪತ್ರ ಕೊಡುತ್ತಿದೆ. ಅದನ್ನು ಪಡೆಯಲು ಲಿಖಿತ ಪರೀಕ್ಷೆಯೊಂದೇ ಸಾಲದು. ನಿಗದಿಪಡಿಸಿದ ಪರೀಕ್ಷಾ ವಿಧಾನಗಳನ್ನು ನಿಜವಾದ ರೋಗಿಗಳ ಮೇಲೆ ಮತ್ತೆ ಮತ್ತೆ ಮಾಡಬೇಕು. ಜೊತೆಗಿರುವ ಮಾರ್ಗದರ್ಶಕ ವೈದ್ಯರು ನೋಡಿ, ಸಾಮರ್ಥ್ಯವನ್ನು ದೃಢೀಕರಿಸಬೇಕು.

ಬೇರಿಯಂ ಕುಡಿಸಿ ಅನ್ನನಾಳವನ್ನು ನೋಡುವ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ರೋಗಿ ಸರಿಯಾದ ವ್ಯಕ್ತಿಯೇ ಎಂದು ಖಚಿತಪಡಿಸಿಕೊಳ್ಳಬೇಕು. ತೊಂದರೆಯ ಹಿನ್ನೆಲೆ ಕೇಳಬೇಕು. ಏನು ಮಾಡಲಿದ್ದೇವೆ ಎಂದು ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಚಿತ್ರ ಸ್ಪಷ್ಟವಾಗಿರಬೇಕು, ಆದರೆ ವಿಕಿರಣ ಸಾಧ್ಯವಾದಷ್ಟೂ ಕಡಿಮೆ ಇರಬೇಕು. ಬೇರಿಯಂ ಶ್ವಾಸನಾಳದ ಕಡೆ ಹೋಗುತ್ತಿದೆ ಎನಿಸಿದರೆ ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ಕಂಡದ್ದನ್ನು ವೈದ್ಯರಿಗೆ ತಿಳಿಸಬಹುದು, ಆದರೆ ರೋಗ ಇಂಥದ್ದೆಂದು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. ಅದು ವೈದ್ಯರದು.

ಇಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಅಂಶ ಈ ಕೊನೆಯದು. ತನ್ನ ತಿಳಿವಿನ ಗಡಿ ಎಲ್ಲಿದೆ ಎಂದು ಗುರುತಿಸಿ, ಅಲ್ಲಿ ನಿಲ್ಲುವುದು ಆ ವೃತ್ತಿಯಲ್ಲಿ ಕೌಶಲದ ಭಾಗ. ನಮ್ಮ ದರ್ಜೆ ಮಾಪನಿಯಲ್ಲಿ ಪೀಠಿಕೆ, ವಿವರಣೆ, ಪ್ರಶ್ನಿಸುವಿಕೆ, ಪುನರ್ಬಲನ, ಕಪ್ಪುಹಲಗೆಯ ಬಳಕೆ ಎಲ್ಲವೂ ಇವೆ. "ನನಗೆ ಈಗ ಖಚಿತವಾಗಿ ಗೊತ್ತಿಲ್ಲ, ನಾಳೆ ಸೇರಿ ನೋಡೋಣ" ಎನ್ನುವುದಕ್ಕೆ ಒಂದು ಸಾಲೂ ಇಲ್ಲ. ಹಾಗೆಂದರೆ ಅಂಕ ಹೋಗುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಆ ನಂಬಿಕೆಯೇ ನನ್ನಿಂದ ತಪ್ಪು ಉತ್ತರ ಹೇಳಿಸಿತು.

ವೈದ್ಯಕೀಯ ಶಿಕ್ಷಣದ ಜಾರ್ಜ್ ಮಿಲ್ಲರ್ 1990ರಲ್ಲಿ ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲಿನ ಪಿರಮಿಡ್ ಆಗಿ ವಿವರಿಸಿದರು: ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ನಿತ್ಯದ ಕೆಲಸದಲ್ಲಿ ಮಾಡುವುದು. ನಮ್ಮ ಲಿಖಿತ ಪರೀಕ್ಷೆ ಮೊದಲ ಎರಡನ್ನು ಅಳೆಯುತ್ತದೆ. ಸೂಕ್ಷ್ಮ ಬೋಧನೆ ಮತ್ತು ಅಂತಿಮ ಪಾಠ ಮೂರನೆಯದನ್ನು. ನಾಲ್ಕನೆಯದು, ಅಂದರೆ ಯಾರೂ ಹಿಂದಿನ ಬೆಂಚಿನಲ್ಲಿ ಕುಳಿತಿಲ್ಲದ ಒಂದು ಮಂಗಳವಾರ ಮಧ್ಯಾಹ್ನ, ಊಟದ ನಂತರದ ಅವಧಿಯಲ್ಲಿ ನಾವು ಹೇಗೆ ಪಾಠ ಮಾಡುತ್ತೇವೆ ಎಂಬುದು ಅಂಕಪಟ್ಟಿಗೆ ಬರುವುದು ಕಡಿಮೆ.

ಅದಕ್ಕೆ ಅವಕಾಶ ಇಲ್ಲವೆಂದಲ್ಲ. ಎನ್‌ಸಿಟಿಇಯ 2014ರ ನಿಯಮಾವಳಿಯ ನಂತರ ಬಿ.ಇಡಿ. ಎರಡು ವರ್ಷದ್ದಾಗಿದೆ, ಅದರಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕು. ಇಷ್ಟು ದಿನ ನಮ್ಮನ್ನು ಹತ್ತಿರದಿಂದ ಕಾಣುವವರು ಆ ಶಾಲೆಯ ಮಾರ್ಗದರ್ಶಕ ಶಿಕ್ಷಕರು. ಆದರೂ ನಮ್ಮ ಮನಸ್ಸೆಲ್ಲ ಒಂದು ಅವಧಿಯ ಅಂತಿಮ ಪಾಠದ ಮೇಲಿರುತ್ತದೆ. ಅದೇ ಪಾಠವನ್ನು ಮಕ್ಕಳಿಗೆ ಹಿಂದಿನ ದಿನವೇ ಹೇಳಿಕೊಟ್ಟು, ಯಾರು ಯಾವ ಪ್ರಶ್ನೆಗೆ ಕೈ ಎತ್ತಬೇಕೆಂದು ಗೊತ್ತುಮಾಡಿಕೊಳ್ಳುವುದನ್ನೂ ನಾವು ನೋಡಿದ್ದೇವೆ.

ಮಾರ್ಗದರ್ಶಕರ ಕೈಗೆ ಅಂಕ ಕೊಟ್ಟರೆ ದಾಕ್ಷಿಣ್ಯಕ್ಕೆ ಎಲ್ಲರಿಗೂ ಪೂರ್ತಿ ಅಂಕ ಬರುತ್ತದೆ ಎಂಬ ಆಕ್ಷೇಪ ಇದ್ದೇ ಇದೆ. ಅದು ಸುಳ್ಳಲ್ಲ. ಜೊತೆಯಲ್ಲಿ ದುಡಿದವರನ್ನು ಅನುತ್ತೀರ್ಣ ಮಾಡುವುದು ಯಾವ ವೃತ್ತಿಯಲ್ಲೂ ಕಷ್ಟ. ಇಷ್ಟು ಬಾರಿ ಮಾಡಿದ್ದಾರೆ ಎಂಬ ಎಣಿಕೆ ಚೆನ್ನಾಗಿ ಮಾಡಿದ್ದಾರೆ ಎಂಬುದಕ್ಕೆ ಸಾಕ್ಷಿಯೂ ಅಲ್ಲ. ಬಹುಶಃ ಅದಕ್ಕೇ ಅಲ್ಲಿ ಮಾರ್ಗದರ್ಶಕರ ಸಹಿಯ ಜೊತೆಗೆ ಹೊರಗಿನ ಪರೀಕ್ಷೆಯೂ ಇದೆ. ಎರಡೂ ಬೇಕು. ಹಾಗಾಗಿ ಅಂತಿಮ ಪಾಠವನ್ನು ತೆಗೆದುಹಾಕಿ ಎಂದು ನಾನು ಹೇಳುವುದಿಲ್ಲ. ಅದೊಂದರ ಮೇಲೆಯೇ ಭಾರ ಹಾಕಬೇಡಿ ಎನ್ನುತ್ತೇನೆ.

ತರಗತಿ ಎಕ್ಸ್-ರೇ ಕೊಠಡಿಯಲ್ಲ, ಮಗು ರೋಗಿಯಲ್ಲ ಎಂಬುದೂ ನನಗೆ ಗೊತ್ತು. ಬೋಧನೆಯನ್ನು ಹೆಜ್ಜೆಗಳ ಪಟ್ಟಿಯಾಗಿ ಒಡೆದರೆ ಅದರ ಜೀವ ಹೋಗುತ್ತದೆ. ಪಟ್ಟಿಯನ್ನು ಎರವಲು ತರುವುದು ಬೇಡ. ಬೇರೆ ಬೇರೆ ದಿನ ನೋಡುವುದು, ಗಡಿಯಲ್ಲಿ ನಿಲ್ಲುವುದನ್ನು ಗೌರವಿಸುವುದು, ಇವೆರಡನ್ನು ತರೋಣ.

ಹೊಸ ಖರ್ಚಿಲ್ಲದೆ ನಮ್ಮ ಕಾಲೇಜಿನಲ್ಲೇ ಆರಂಭಿಸಬಹುದಾದ ಮೂರು ಸಂಗತಿಗಳಿವೆ. ಮೊದಲನೆಯದು, ಇಂಟರ್ನ್‌ಶಿಪ್‌ನಲ್ಲಿ ಕನಿಷ್ಠ ನಾಲ್ಕು ಪಾಠಗಳನ್ನು ಮುನ್ಸೂಚನೆಯಿಲ್ಲದೆ ನೋಡಿ, ಅಂದೇ ಐದು ನಿಮಿಷ ಕುಳಿತು ಮಾತಾಡುವುದು. ಅದರಲ್ಲಿ ಎರಡನ್ನು ಮಾರ್ಗದರ್ಶಕ ಶಿಕ್ಷಕರೂ ಎರಡನ್ನು ಕಾಲೇಜಿನ ಮೇಲ್ವಿಚಾರಕರೂ ನೋಡಲಿ. ಎರಡನೆಯದು, ದರ್ಜೆ ಮಾಪನಿಗೆ ಒಂದು ಸಾಲು ಸೇರಿಸುವುದು: ಗೊತ್ತಿಲ್ಲದ ಪ್ರಶ್ನೆ ಬಂದಾಗ ಪ್ರಶಿಕ್ಷಣಾರ್ಥಿ ಏನು ಮಾಡಿದರು? ಮೂರನೆಯದು, ಅಂತಿಮ ಪಾಠ ಶಾಲೆಯ ಕೊನೆಯ ದಿನ ಬಾರದಂತೆ ನೋಡಿಕೊಳ್ಳುವುದು. ಮರುದಿನ ಅದೇ ತರಗತಿಗೆ ಹೋಗಿ ಹಿಂದಿನ ದಿನದ ತಪ್ಪನ್ನು ತಿದ್ದಲು ನಮಗೊಂದು ಅವಧಿ ಬೇಕು. ಹೇಗೆ ತಿದ್ದಿದರು ಎಂಬುದಕ್ಕೂ ಅಂಕವಿರಲಿ.

ಆ ಹುಡುಗಿಯ ನೋಟ್‌ಬುಕ್ಕಿನಲ್ಲಿ ನನ್ನ ತಪ್ಪು ಉತ್ತರ ಇನ್ನೂ ಇರಬಹುದು. ಮಾರ್ಗದರ್ಶಕ ಶಿಕ್ಷಕರಿಗೆ ಫೋನ್ ಮಾಡಿ ವಿಷಯ ಹೇಳಿದ್ದೇನೆ, ಕಿರಣಚಿತ್ರವನ್ನೂ ಕಳಿಸಿದ್ದೇನೆ. "ತರಗತಿಯಲ್ಲಿ ಹೇಳ್ತೀನಿ ಬಿಡಮ್ಮ" ಎಂದರು. ನಾನೇ ಹೋಗಿ ಹೇಳಬೇಕಿತ್ತು.