ಎತ್ತಿ ಕೂರಿಸಿದರೆ ಸಾಕೆ? ಆಟೊ ಬದಲಾಗಬೇಡವೆ?

ಆಂಧ್ರದ ಆದೋನಿಯಲ್ಲಿ ಟ್ಯಾಕ್ಸಿ ಎಂದರೆ ಆಟೊ. ಹತ್ತಿ ಮಾರುಕಟ್ಟೆಗೆ, ರೈಲು ನಿಲ್ದಾಣಕ್ಕೆ, ಸರ್ಕಾರಿ ಆಸ್ಪತ್ರೆಗೆ, ಕೌತಾಳಂ, ಹೊಳಗುಂದ, ಕೋಸಿಗಿ ಕಡೆಯ ಹಳ್ಳಿಗಳಿಗೆ ಜನರನ್ನು ಸಾಗಿಸುವುದು ಅದೇ. ಗಾಲಿಕುರ್ಚಿಯಲ್ಲಿರುವವರು ಅದನ್ನು ಹತ್ತಬೇಕಾದರೆ ಯಾರಾದರೂ ಕಂಕುಳಿಗೆ ಕೈಹಾಕಿ ಎತ್ತಬೇಕು. ಎಷ್ಟೋ ಚಾಲಕರು ಕೇಳುವ ಮೊದಲೇ ಬಂದು ಎತ್ತುತ್ತಾರೆ, ನಿಜ. ಆದರೆ ಬೆನ್ನುಹುರಿಗೆ ಪೆಟ್ಟಾದವರನ್ನು ಕ್ರಮ ಗೊತ್ತಿಲ್ಲದೆ ಎತ್ತಿದರೆ ಅಪಾಯ. ಆಸ್ಪತ್ರೆಗೆ, ಕಚೇರಿಗೆ ಹೊರಟಾಗಲೆಲ್ಲ ಅಪರಿಚಿತ ಗಂಡಸು ತನ್ನನ್ನು ಎತ್ತಬೇಕು ಎನ್ನುವುದಾದರೆ ಹೆಣ್ಣುಮಗಳು ಮನೆಯಲ್ಲೇ ಉಳಿಯುತ್ತಾಳೆ. 2025ರ ಆಗಸ್ಟ್ 15ರಿಂದ ಆಂಧ್ರದಲ್ಲಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಯಿತು. ಮೆಟ್ಟಿಲು ಹತ್ತಲಾರದವಳಿಗೆ ಅದರಿಂದ ಏನು ಸಿಕ್ಕಿತು?

ಶೇರ್ ಆಟೊದವರ ಲೆಕ್ಕವೂ ಕಷ್ಟದ್ದೇ. ಸೀಟು ತುಂಬಿದರೆ ಮಾತ್ರ ಸಂಪಾದನೆ. ಮಡಚಿದ ಗಾಲಿಕುರ್ಚಿ ಪ್ರಯಾಣಿಕರ ಜಾಗ ನುಂಗುತ್ತದೆ, ಹತ್ತಿಸಿ ಇಳಿಸಲು ಹೊತ್ತು ಹಿಡಿಯುತ್ತದೆ. ಹೀಗಾಗಿ ಅಂಗವಿಕಲರು 'ಸ್ಪೆಷಲ್' ಬಾಡಿಗೆ ಕೊಡಬೇಕಾಗುತ್ತದೆ. ರಾಜ್ಯದಲ್ಲಿ ಅಂಗವಿಕಲರ ಪಿಂಚಣಿ ತಿಂಗಳಿಗೆ 6,000 ರೂಪಾಯಿ. ಚಿಕಿತ್ಸೆಗೆಂದು ಕಾರು ಮಾಡಿಕೊಂಡು ಸುಮಾರು 100 ಕಿ.ಮೀ. ದೂರದ ಕರ್ನೂಲಿಗೆ ಹೋಗಿಬಂದರೆ ಅದರಲ್ಲಿ ಉಳಿಯುವುದೆಷ್ಟು? 2025ರಲ್ಲಿ ಪಿಂಚಣಿ ಮರುಪರಿಶೀಲನೆಗೂ ಸಾವಿರಾರು ಮಂದಿ ಆಸ್ಪತ್ರೆಗೆ ಅಲೆಯಬೇಕಾಯಿತು. ನಡೆಯಲಾರೆ ಎಂದು ರುಜುವಾತು ಮಾಡಲು ಊರೂರು ದಾಟಿ ಹೋಗಬೇಕು!

ಕಾನೂನು ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್ ಎಲ್ಲ ಬಗೆಯ ಸಾರಿಗೆಯೂ ಅವರಿಗೆ ನಿಲುಕಬೇಕು ಎನ್ನುತ್ತದೆ. ವಾಹನಗಳ ಮಾರ್ಪಾಡಿಗೆ ಯೋಜನೆ ರೂಪಿಸಬೇಕೆಂದೂ ಹೇಳುತ್ತದೆ. ಹಳೆಯ ವಾಹನಗಳ ವಿಷಯಕ್ಕೆ ಬಂದಾಗ ಮಾತ್ರ 'ಆರ್ಥಿಕವಾಗಿ ಸಾಧ್ಯವಿದ್ದರೆ' ಎಂಬ ಷರತ್ತು ಬರುತ್ತದೆ. ಸರ್ಕಾರಗಳು ತಪ್ಪಿಸಿಕೊಳ್ಳುವ ಸಂದು ಅದೇ. 2024ರ ನವೆಂಬರ್ 8ರಂದು ರಾಜೀವ್ ರತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಹೇಳಿ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

ಬೆಂಗಳೂರಿನಲ್ಲಿ 2013ರಲ್ಲೇ ಕಿಕ್‌ಸ್ಟಾರ್ಟ್ ಸಂಸ್ಥೆ ಅಂಗವಿಕಲರಿಗೆಂದೇ ಕ್ಯಾಬ್ ಶುರುಮಾಡಿತು. 2017ರಲ್ಲಿ ಊಬರ್ ಅದರೊಂದಿಗೆ ಕೈಜೋಡಿಸಿತು. ಒಳ್ಳೆಯ ಕೆಲಸ. ಆದರೆ ಮೊದಲೇ ಕಾಯ್ದಿರಿಸಿ ಕರೆಸುವ ಕಾರು ಆದೋನಿಯಂಥ ಊರಿಗೆ ಒಗ್ಗುವುದಿಲ್ಲ. 2011ರ ಜನಗಣತಿ ಪ್ರಕಾರ ದೇಶದ 2.68 ಕೋಟಿ ಅಂಗವಿಕಲರಲ್ಲಿ ಶೇ 69ರಷ್ಟು ಮಂದಿ ಹಳ್ಳಿಗಳಲ್ಲಿದ್ದಾರೆ. ಅವರ ಬಾಗಿಲಿಗೆ ಬರುವುದು ಆಟೊ. ಲಂಡನ್ನಿನ ಕರಿ ಟ್ಯಾಕ್ಸಿಗಳ ಉದಾಹರಣೆ ಇಲ್ಲಿ ಹೆಚ್ಚು ಹತ್ತಿರದ್ದು: ಅಂಗವಿಕಲರಿಗೆ ಬೇರೆ ವಾಹನವೆಂದು ಇಡದೆ, 2000ದಿಂದ ಪ್ರತಿ ಟ್ಯಾಕ್ಸಿಯೂ ಗಾಲಿಕುರ್ಚಿ ಹಿಡಿಸುವಂತಿರಬೇಕೆಂದು ಅಲ್ಲಿ ಕಡ್ಡಾಯ ಮಾಡಿದರು. ಹೆಚ್ಚು ಬಾಡಿಗೆ ಕೇಳುವುದು ಅಲ್ಲಿ ಅಪರಾಧ.

ದುಡ್ಡೆಲ್ಲಿ ಎಂಬ ಪ್ರಶ್ನೆಗೆ ಆಂಧ್ರ ಸರ್ಕಾರವೇ ಉತ್ತರ ಕೊಟ್ಟಿದೆ. ಉಚಿತ ಬಸ್ಸಿನಿಂದ ಪೆಟ್ಟು ತಿಂದ ಆಟೊ, ಕ್ಯಾಬ್ ಚಾಲಕರಿಗೆ 2025ರ ಅಕ್ಟೋಬರ್ 4ರಂದು ತಲಾ 15,000 ರೂಪಾಯಿ ನೀಡಿತು, ಸುಮಾರು 2.90 ಲಕ್ಷ ಚಾಲಕರಿಗೆ ಒಟ್ಟು 436 ಕೋಟಿ ರೂಪಾಯಿ. ಚಾಲಕರಿಗೆ ಅದು ಬೇಕಿತ್ತು, ಅದರಲ್ಲಿ ಒಂದು ಪೈಸೆಯನ್ನೂ ಕಡಿಮೆ ಮಾಡಬಾರದು. ಅದರ ಮೇಲೆ ಇನ್ನಷ್ಟು ಸೇರಿಸಿ, ಕೆಳಗೊಂದು ಮಡಚುವ ಮೆಟ್ಟಿಲು, ಗಟ್ಟಿ ಹಿಡಿಕೆ, ಕುರ್ಚಿ ಕಟ್ಟಲು ಬೆಲ್ಟ್ ಹಾಕಿಸಿಕೊಂಡು ಒಂದು ದಿನದ ತರಬೇತಿ ಪಡೆದ ಚಾಲಕರಿಗೆ ಕೊಡಲಿ. ಮೂರು ಸೀಟಿನ ಆಟೊದೊಳಗೆ ಕುರ್ಚಿಯನ್ನು ಹಾಗೇ ನೂಕಲಾಗದು. ಅದಕ್ಕೆ ದೊಡ್ಡ ಆಟೊಗಳು ಬೇಕು. ಹಿಂಬದಿಯಲ್ಲಿ ಇಳಿಜಾರು ಹಲಗೆ ಇರುವಂಥವು ಪ್ರತಿ ಸ್ಟ್ಯಾಂಡಿನಲ್ಲಿ ಕೆಲವಾದರೂ ಇರಲಿ. ಅಂಗವಿಕಲರ ಪ್ರತಿ ಪ್ರಯಾಣಕ್ಕೂ ಖಾಲಿ ಸೀಟಿನ ನಷ್ಟವನ್ನು ಸರ್ಕಾರ ತುಂಬಿದರೆ 'ಸ್ಪೆಷಲ್' ಬಾಡಿಗೆಗೆ ನೆಪವಿರದು.

ಶುರುಮಾಡಲು ಜಾಗ ಹುಡುಕಬೇಕಿಲ್ಲ. ಮಂತ್ರಾಲಯಂ ರೋಡ್ ನಿಲ್ದಾಣದಿಂದ ರಾಯರ ಮಠಕ್ಕೆ ಸುಮಾರು 15 ಕಿ.ಮೀ. ಶ್ರಾವಣದಲ್ಲಿ ರಾಯರ ಆರಾಧನೆಗೂ ಉರುಕುಂದ ಈರಣ್ಣನ ದರ್ಶನಕ್ಕೂ ರಾಯಚೂರು, ಬಳ್ಳಾರಿ ಕಡೆಯಿಂದ ಜನ ಬರುತ್ತಾರೆ, ಕೋಲು ಹಿಡಿದ ಮುದುಕರೂ ಕಣ್ಣು ಕಾಣದವರೂ ಸೇರಿ. ಇಲ್ಲಿನ ಚಾಲಕರಿಗೆ ಕನ್ನಡ, ತೆಲುಗು ಎರಡೂ ಬರುತ್ತವೆ. ದಾರಿ ಹೇಳಿ ಕೈಹಿಡಿದು ಇಳಿಸುವುದಕ್ಕೆ ಅದು ದೊಡ್ಡ ಅನುಕೂಲ. ಚಾಲಕರ ನೆರವಿನ ಮುಂದಿನ ಕಂತಿನ ಆದೇಶದಲ್ಲೇ ಈ ಹೆಚ್ಚುವರಿ ಹಣ ಸೇರಲಿ. ಮಂತ್ರಾಲಯಂ ರೋಡ್, ಆದೋನಿ ನಿಲ್ದಾಣ ಮತ್ತು ಆಸ್ಪತ್ರೆಯ ಮುಂದಿನ ಮೂರು ಸ್ಟ್ಯಾಂಡುಗಳಿಂದ ಕೆಲಸ ಆರಂಭವಾಗಲಿ.