ಮನೆಯೊಳಗಿನ ರಸಾಯನ: ಬೆಳಕಿನ ಕತ್ತಿಗೆ ಹೊಸ ಶೆಲ್ಲು



ಕಳೆದ ರಾಜ್ಯೋತ್ಸವದಲ್ಲಿ ಮಕ್ಕಳ ಕಿರುನಾಟಕ ನೋಡಿದವರಿಗೆ ನೆನಪಿರಬಹುದು. ಯುದ್ಧದ ನಡುವೆ ನನ್ನ ಮಗನ ಬೆಳಕಿನ ಕತ್ತಿ ಎರಡು ಸಲ ಮಿನುಗಿ ಆರಿಹೋಯಿತು. ವೈರಿಯಾಗಿದ್ದ ಹುಡುಗ ಬಲು ಒಳ್ಳೆಯವನು, ಆರಿದ ಕತ್ತಿಯಿಂದಲೇ ಹೊಡೆಸಿಕೊಂಡು ಸತ್ತ. ಸಭೆ ನಕ್ಕಿತು; ನನ್ನ ಮಗ ಮನೆ ಸೇರುವವರೆಗೂ ಅತ್ತ. ಆಮೇಲೆ ಮೂರು ಮನೆಗಳಿಂದ "ನಮ್ಮದೂ ಹೀಗೇ ಆಗಿದೆ, ಯಾವ ಬ್ಯಾಟರಿ ತರೋಣ?" ಎಂದು ಫೋನು ಬಂತು. ಈ ಸಲದ ಅಂಕಣ ಅದಕ್ಕೇ ಮೀಸಲು.

ಊರಿನಿಂದ ಬಂದಿರುವ ನಮ್ಮ ಅತ್ತೆಯವರು, "ಶೆಲ್ಲು ತೆಗೆದು ಒಂದಿಷ್ಟು ಬಿಸಿಲಿಗಿಡಮ್ಮಾ, ಸರಿಹೋಗತ್ತೆ" ಎಂದರು. ಟಾರ್ಚಿನ ಹಳೇ ಶೆಲ್ಲಿಗೆ ಆ ಉಪಾಯ ತಕ್ಕಮಟ್ಟಿಗೆ ನಡೆಯುತ್ತಿತ್ತು. ಕತ್ತಿಯ ಹಿಡಿಯೊಳಗಿರುವುದು ಲಿಥಿಯಂ ಅಯಾನ್ ಶೆಲ್ಲು. ಅದರೊಳಗಿನ ದ್ರಾವಕ ಹೊತ್ತಿಕೊಳ್ಳುವಂಥದು. ದಯವಿಟ್ಟು ಬಿಸಿಲಿಗಿಡಬೇಡಿ.

1977ರ ಮೊದಲ ಸ್ಟಾರ್ ವಾರ್ಸ್ ಚಿತ್ರದಲ್ಲಿ ನಾಯಕನ ಕತ್ತಿಯ ಹಿಡಿ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲಾಶಿನದು, ಅಂದರೆ ಮೂರು ದಪ್ಪ ಟಾರ್ಚ್ ಶೆಲ್ಲು ಹಿಡಿಸುವ ಕೊಳವೆ. ಇಂದಿನ ಹವ್ಯಾಸಿ ಕತ್ತಿಗಳಲ್ಲಿ ಹೆಚ್ಚಾಗಿ ಇರುವುದು 18650 ಎಂಬ ಒಂದೇ ಶೆಲ್ಲು: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, 3.7 ವೋಲ್ಟ್. ಸಣ್ಣ ಹಿಡಿಗಳಲ್ಲಿ 14500 ಇರಬಹುದು. ಅದು ಗೋಡೆ ಗಡಿಯಾರದ ಶೆಲ್ಲಿನದೇ ಗಾತ್ರ, ಆದರೆ ಅದೂ 3.7 ವೋಲ್ಟ್. ಮರೆತು ಟೀವಿ ರಿಮೋಟಿಗೆ ಹಾಕಿದಿರೋ, ರಿಮೋಟಿನ ಆಸೆ ಬಿಡಿ!

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ನಾನೇ ಅಗ್ಗವೆಂದು, ಮೈಮೇಲೆ 9900 ಮಿಲಿಆಂಪಿಯರ್-ಗಂಟೆ ಎಂದು ಬರೆದಿದ್ದ ಜೋಡಿ ಶೆಲ್ಲು ಕೊಂಡೆ. ಕತ್ತಿ ಹತ್ತು ನಿಮಿಷ ಉರಿಯಿತು. ಹನ್ನೊಂದನೆಯ ನಿಮಿಷಕ್ಕೆ ಮಗ "ಅಮ್ಮಾ, ಬಿಸಿ" ಎಂದು ಹಿಡಿಯನ್ನು ನೆಲಕ್ಕೆ ಹಾಕಿದ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಈ ಗಾತ್ರದ ಶೆಲ್ಲಿನಲ್ಲಿ ಸಾಮಾನ್ಯವಾಗಿ 3500ರ ಆಸುಪಾಸಿಗಿಂತ ಹೆಚ್ಚು ಹಿಡಿಸುವುದಿಲ್ಲವೆಂದು ನನಗೆ ಗೊತ್ತಿರಬೇಕಿತ್ತು. ಅಡುಗೆಮನೆಯ ತಕ್ಕಡಿಗೆ ಹಾಕಿದರೆ 33 ಗ್ರಾಂ! ಒಳ್ಳೆಯ ಶೆಲ್ಲು 45ರಿಂದ 48 ಗ್ರಾಂ ತೂಗುತ್ತದೆ. ನೀವೂ ತೂಗಿ ನೋಡಿ.

ಆದರೆ ಅಸಲಿ ಶೆಲ್ಲಿನಲ್ಲೂ ಆ ಒಂದು ಅಂಕಿಯನ್ನೇ ನೋಡಬಾರದು. ಗಡಿಗೆಯ ಹೊಟ್ಟೆ ಬೇರೆ, ಬಾಯಿ ಬೇರೆ. ಒಳಗಿನ ಹಾಳೆಗಳಿಗೆ ರಾಸಾಯನಿಕವನ್ನು ದಪ್ಪಗೆ ಬಳಿದರೆ ಹೆಚ್ಚು ವಿದ್ಯುತ್ ತುಂಬುತ್ತದೆ, ಆದರೆ ನಿಧಾನವಾಗಿ ಹೊರಬರುತ್ತದೆ. ತೆಳ್ಳಗೆ ಬಳಿದರೆ ತುಂಬುವುದು ಕಡಿಮೆ, ಹೊರಬರುವುದು ಧಾರಾಳ. ಹಿಡಿಯಲ್ಲಷ್ಟೇ ದೀಪವಿರುವ ಕತ್ತಿಗೆ ಕೆಲವೇ ಆಂಪಿಯರ್ ಸಾಕು. ಉದ್ದಕ್ಕೂ ಪುಟ್ಟ ದೀಪ ಪೋಣಿಸಿದ ಕತ್ತಿ ಬೆಳ್ಳಗೆ ಬೆಳಗುವಾಗ 10 ಆಂಪಿಯರ್‌ವರೆಗೂ ಎಳೆಯಬಹುದು. ಪ್ಯಾನಸಾನಿಕ್ಕಿನ 3400ರ ಒಂದು ಹೆಸರಾಂತ ಶೆಲ್ಲು ಏಳು ಆಂಪಿಯರನ್ನೂ ತಡೆಯದು. ಸ್ಯಾಮ್ಸಂಗ್ 30ಕ್ಯೂ, ಮುರಾಟಾ ವಿಟಿಸಿ6 ಬರೀ 3000, ಆದರೆ 15 ಆಂಪಿಯರ್ ಕೊಡುತ್ತವೆ. ಕತ್ತಿಗೆ ನನ್ನ ಆಯ್ಕೆ ಎರಡನೆಯ ಜಾತಿ. ನಾಲ್ಕು ಆಂಪಿಯರ್ ಎಳೆದರೂ ಮುಕ್ಕಾಲು ಗಂಟೆ ಯುದ್ಧ ಮಾಡಬಹುದು. ಯಾವ ನಾಟಕಕ್ಕೆ ಅದಕ್ಕಿಂತ ಬೇಕು?

ಈ ಕಾರ್ಖಾನೆಗಳು ಶೆಲ್ಲುಗಳನ್ನು ಬಿಡಿಯಾಗಿ ಜನರಿಗೆ ಮಾರುವುದಿಲ್ಲ, ಹಾಗಾಗಿ ನಕಲಿ ಬಹಳ. ಕತ್ತಿ ಮಾಡಿದವರಿಂದಲೇ ಕೊಳ್ಳುವುದು ಮೇಲು. ತಳದಲ್ಲಿ ರಕ್ಷಣಾ ಬಿಲ್ಲೆ ಇರುವ ಶೆಲ್ಲು ನಾಲ್ಕೈದು ಮಿಲಿಮೀಟರ್ ಉದ್ದವಾಗಿರುತ್ತದೆ. ಹಿಡಿಯಲ್ಲಿ ಕೂರುತ್ತದೆಯೇ ಎಂದು ಮೊದಲು ಅಳೆಯಿರಿ, ತುರುಕಬೇಡಿ. ಧನ-ಋಣ ತಿರುವುಮುರುವಾದರೆ ಸದ್ದು ಮಾಡುವ ಹಲಗೆಯೇ ಸುಡಬಹುದು. ಹಳೆಯವನ್ನು ಕಸದ ಬುಟ್ಟಿಗೆ ಎಸೆಯದೆ, ತುದಿಗಳಿಗೆ ಟೇಪು ಸುತ್ತಿ ಬ್ಯಾಟರಿ ಸಂಗ್ರಹಿಸುವ ಕಡೆ ಕೊಡಿ.

ಅತ್ತೆಯವರು ಮುಂದಿನ ತಿಂಗಳು ಊರಿಗೆ ಹೊರಡುತ್ತಾರೆ, ಅಲ್ಲಿನ ಮೊಮ್ಮಗನಿಗೂ ಒಂದು ಕತ್ತಿ ಒಯ್ಯುತ್ತಾರೆ. ಬಿಡಿ ಶೆಲ್ಲನ್ನು ವಿಮಾನದಲ್ಲಿ ದೊಡ್ಡ ಪೆಟ್ಟಿಗೆಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಬೀಗದಕೈ, ಚಿಲ್ಲರೆಯ ಜೊತೆಯಂತೂ ಕೂಡದು. ಅವರು ತಮ್ಮ ಸ್ಟೀಲಿನ ಎಲೆಯಡಿಕೆ ಡಬ್ಬಿ ಕೊಡಲು ಬಂದರು. ಲೋಹದ್ದು ಬೇಡವೆಂದು ಕನ್ನಡಕದ ಪ್ಲಾಸ್ಟಿಕ್ ಡಬ್ಬಿ ಇಸಿದುಕೊಂಡಿದ್ದೇನೆ.